ಕ್ರಾಸ್ ಬದಲಿಸಿದೆ, ಶಾಫ್ಟ್ ಉಳಿಸಿಕೊಂಡೆ

ನನ್ನ ಹಳೆಯ ಫೋರ್ ವೀಲ್ ಜೀಪು ಹೆಚ್ಚಾಗಿ ಓಡುವುದು ಚಿಂಚೋಳಿ ಕಡೆಯ ಹೊಲದ ದಾರಿಗಳಲ್ಲಿ. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಚಾಸಿಯವರೆಗೂ ಏರುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ನುಣ್ಣನೆಯ ದೂಳಾಗಿ ಸಂದುಗೊಂದುಗಳಿಗೆಲ್ಲ ನುಗ್ಗುತ್ತದೆ. ನಡುನಡುವೆ ಹಳ್ಳ ದಾಟುವುದು ಬೇರೆ. ಇದರ ಏಟು ಮೊದಲು ಬೀಳುವುದು ಗೇರ್‌ಬಾಕ್ಸಿನ ತಿರುಗುವ ಬಲವನ್ನು ಚಕ್ರಗಳ ಕಡೆಗೆ ಒಯ್ಯುವ ಪ್ರೊಪೆಲರ್ ಶಾಫ್ಟಿನ ತುದಿಗಳಲ್ಲಿರುವ ಯುಜೆ (ಯೂನಿವರ್ಸಲ್ ಜಾಯಿಂಟ್) ಕ್ರಾಸ್‌ಗಳಿಗೆ. ಕೂಡಿಸುವ ಚಿಹ್ನೆಯ ಆಕಾರದ ಉಕ್ಕಿನ ತುಂಡು ಅದು. ನಾಲ್ಕು ತೋಳಿಗೆ ನಾಲ್ಕು ಕಪ್, ಪ್ರತಿ ಕಪ್ಪಿನೊಳಗೆ ಒತ್ತಾಗಿ ನಿಂತ ಸೂಜಿ ಬೇರಿಂಗುಗಳು.

ನಿಧಾನವಾಗಿ ಹೋಗುವಾಗ ಕೆಳಗಿನಿಂದ ಕೀಚ್ ಕೀಚ್ ಎಂದರೆ ಗ್ರೀಸ್ ಒಣಗಿದೆ ಎಂದು ತಿಳಿಯಬೇಕು. ಆಗಲೇ ಗ್ರೀಸ್ ಗನ್ ಹಿಡಿದರೆ ಕ್ರಾಸ್ ಉಳಿಯುವ ಸಾಧ್ಯತೆ ಇರುತ್ತದೆ. ಗ್ರೀಸ್ ತುಂಬುವ ಬಾಯಿಗೆ, ಅಂದರೆ ನಿಪ್ಪಲ್ಲಿಗೆ, ಗನ್ ಹಾಕಿ, ನಾಲ್ಕೂ ಸೀಲುಗಳಿಂದ ಹೊಸ ಗ್ರೀಸ್ ಇಣುಕುವವರೆಗೆ ಒತ್ತಬೇಕು. ನನ್ನ ಜೀಪಿನ ಹಿಂಬದಿಯ ಕ್ರಾಸಿನಲ್ಲಿ ಒಂದು ಕಪ್ಪಿನಿಂದ ಏನೂ ಬರಲಿಲ್ಲ, ಅದರ ಎದುರಿನದರಿಂದ ಇಟ್ಟಿಗೆ ಬಣ್ಣದ ಕೆಸರು ಬಂತು. ನೀರು ಒಳಗೆ ಹೋಗಿ ಸೂಜಿಗಳು ತುಕ್ಕು ಹಿಡಿದಿವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ರಿವರ್ಸಿನಿಂದ ಮೊದಲ ಗೇರಿಗೆ ಬಂದು ಕ್ಲಚ್ ಬಿಟ್ಟಾಗ ಟಣ್ ಎಂಬ ಸದ್ದೂ ಶುರುವಾಗಿತ್ತು.

ಆ ಸದ್ದು ಕ್ರಾಸಿನದೇ ಆಗಬೇಕೆಂದಿಲ್ಲ. ಎರಡು ಚಕ್ರಗಳ ನಡುವಿನ ಗೇರು ಪೆಟ್ಟಿಗೆಯಾದ ಡಿಫರೆನ್ಷಿಯಲ್ಲಿನ ಹಲ್ಲುಗಳ ಸಡಿಲ, ಶಾಫ್ಟಿನ ಎರಡು ಭಾಗಗಳನ್ನು ಒಂದರೊಳಗೊಂದು ಕೂಡಿಸುವ ಹಲ್ಲುಗೆರೆಗಳ (ಸ್ಪ್ಲೈನ್) ಸವೆತ ಕೂಡ ಹಾಗೆಯೇ ಸದ್ದು ಮಾಡುತ್ತವೆ. ಚಕ್ರಕ್ಕೆ ಕಲ್ಲು ಕೊಟ್ಟು, ಗೇರು ಬಿಡಿಸಿ, ಜಾಯಿಂಟಿನ ಎರಡು ಬದಿಯನ್ನು ಎರಡು ಕೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುವಿ ನೋಡಿದೆ. ಎರಡೂ ಬದಿ ಒಟ್ಟಿಗೆ ಅಲುಗಿದರೆ ದೋಷ ಬೇರೆಡೆ ಇದೆ. ನನ್ನದರಲ್ಲಿ ಒಂದು ಬದಿ ನಿಂತು ಇನ್ನೊಂದು ಅಲುಗಿತು. ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ಆದರೂ ಇದನ್ನು ಮಾಡದೆ ಡಿಫರೆನ್ಷಿಯಲ್ ಬಿಚ್ಚಿಸಿಕೊಂಡವರನ್ನು ನೋಡಿದ್ದೇನೆ.

ಕಲಬುರಗಿಯಲ್ಲಿ ನನ್ನ ಕೆಲಸ ನಡೆಯುವುದು ಒಬ್ಬ ಹಿರಿಯ ಮಿಸ್ತ್ರಿಯ ಬಳಿ. ಬಿಚ್ಚುವುದು, ಕೂಡಿಸುವುದು ನನ್ನದು. ವೈಸ್ ಮತ್ತು ಸಲಹೆ ಅವರದು. ಶಾಫ್ಟ್ ಬಿಚ್ಚುವ ಮೊದಲು ಬೋಲ್ಟು ಬಿಗಿಯುವ ತಟ್ಟೆಯಿಂದ (ಫ್ಲ್ಯಾಂಜ್) ಕ್ರಾಸನ್ನು ಹಿಡಿಯುವ ಕವೆಗೆ (ಯೋಕ್) ಬಿಳಿ ಬಣ್ಣದ ಗೆರೆ ಎಳೆದೆ, ಸ್ಪ್ಲೈನಿನ ಎರಡು ಭಾಗಕ್ಕೂ ಅಷ್ಟೇ. ಒಂದು ಜಾಯಿಂಟ್ ಓರೆಯಾಗಿ ತಿರುಗುವಾಗ ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಏರಿ ಇಳಿಯುತ್ತದೆ. ಇನ್ನೊಂದು ತುದಿಯ ಜಾಯಿಂಟ್ ಅದನ್ನು ಸರಿದೂಗಿಸುತ್ತದೆ. ಸ್ಪ್ಲೈನ್ ತಪ್ಪಿಸಿ ಕೂಡಿಸಿದರೆ ಆ ಹೊಂದಾಣಿಕೆ ಹೋಗಿ, ಹೊಸ ಕ್ರಾಸ್ ಹಾಕಿದ ಮೇಲೂ ಗಾಡಿ ನಡುಗುತ್ತದೆ. ಇನ್ನೊಂದು ಎಚ್ಚರ: ಗೇರಿನಲ್ಲಿ ನಿಲ್ಲಿಸಿದ್ದರೂ ಹಿಂದಿನ ಶಾಫ್ಟ್ ಕಳಚಿದೊಡನೆ ಹಿಂಚಕ್ರಕ್ಕೂ ಎಂಜಿನಿಗೂ ನಂಟು ತಪ್ಪುತ್ತದೆ. ಹ್ಯಾಂಡ್‌ಬ್ರೇಕ್ ಗೇರ್‌ಬಾಕ್ಸಿನ ಹಿಂದೆ ಇರುವ ಹಳೆಯ ಜೀಪುಗಳಲ್ಲಿ ಅದೂ ಉಪಯೋಗಕ್ಕೆ ಬರುವುದಿಲ್ಲ. ಚಕ್ರದಡಿಯ ಕಲ್ಲೇ ಗತಿ.

ಕಪ್ ಹೊರಬಂದಾಗ ಅರ್ಧದಷ್ಟು ಸೂಜಿಗಳು ಪುಡಿಯಾಗಿದ್ದವು. ಕ್ರಾಸಿನ ತೋಳನ್ನು ಒರೆಸಿ ಉಗುರು ಆಡಿಸಿದರೆ ಉದ್ದುದ್ದ ಗೀರುಗಳು ತಡೆದವು.

"ಗೌಡರೇ, ಇದನ್ನೇ ಕಾಲು ಸುತ್ತು ತಿರುಗಿಸಿ ಹಾಕೋಣ. ಸವೆಯದ ಮಗ್ಗುಲು ಭಾರ ಹೊರುತ್ತದೆ, ತೊಗರಿ ರಾಶಿ ಮುಗಿಯುವವರೆಗೆ ನಡೆಯುತ್ತದೆ" ಎಂದರು ಮಿಸ್ತ್ರಿ.

"ಚಾಚಾ, ಹಳ್ಳದ ನಡುವೆ ಮುರಿದರೆ ಎಳೆಯಲು ಬರುವವರು ಯಾರು?" ಎಂದೆ. ಅವರು ನಕ್ಕು ಹೊಸ ಕ್ರಾಸ್ ತರಲು ಹುಡುಗನನ್ನು ಕಳಿಸಿದರು.

ಗೀರು ಬಿದ್ದ ಕ್ರಾಸಿಗೆ ರಿಪೇರಿ ಎಂಬುದಿಲ್ಲ, ಅದು ನನ್ನ ಖಚಿತ ಅಭಿಪ್ರಾಯ. ಶಾಫ್ಟಿನ ಮಾತು ಬೇರೆ. ಅಂಗಡಿಯಾತ ಪೂರ್ತಿ ಶಾಫ್ಟನ್ನೇ ಬದಲಿಸಿ ಎಂದಿದ್ದ, ಅದಕ್ಕೆ ಕ್ರಾಸಿನ ಹಲವು ಪಟ್ಟು ಬೆಲೆ. ನಿರ್ಧಾರ ನಿಂತದ್ದು ಯೋಕಿನ ಕಿವಿಗಳ, ಅಂದರೆ ಕಪ್ ಕೂರುವ ತೂತಿರುವ ತೋಳುಗಳ ಮೇಲೆ. ಹೊಸ ಕಪ್ಪನ್ನು ತೂತಿನೊಳಗೆ ಬರೀ ಕೈಯಿಂದ ತಳ್ಳಿ ನೋಡಿದೆ. ಸಲೀಸಾಗಿ ಒಳಹೋಗಿ ಅಲುಗಾಡಿದ್ದರೆ ತೂತು ಹಿಗ್ಗಿದೆ, ಯೋಕ್ ಅಥವಾ ಶಾಫ್ಟ್ ಬದಲಿಸಲೇಬೇಕು ಎಂದರ್ಥ. ಅದು ಅಂಚಿನಲ್ಲೇ ಬಿಗಿಯಾಗಿ ನಿಂತಿತು. ಸ್ಪ್ಲೈನಿನಲ್ಲಿ ಸಡಿಲವಿರಲಿಲ್ಲ, ಕೊಳವೆಗೆ ತಗ್ಗು ಬಿದ್ದಿರಲಿಲ್ಲ. ಶಾಫ್ಟ್ ಉಳಿಯಿತು. ಹಿಗ್ಗಿದ ತೂತಿಗೆ ಪಂಚಿನಿಂದ ಚುಕ್ಕೆ ಹೊಡೆದು ಕಪ್ ಬಿಗಿಮಾಡುವವರಿದ್ದಾರೆ, ಕಪ್ಪಿಗೆ ವೆಲ್ಡಿಂಗ್ ಹಾಕುವವರೂ ಇದ್ದಾರೆ. ಎರಡೂ ಬೇಡ.

ಕೂಡಿಸುವುದು ತಾಳ್ಮೆಯ ಕೆಲಸ. ಸೂಜಿಗಳು ಬೀಳದಂತೆ ಕಪ್ಪಿನ ಒಳಗೋಡೆಗೆ ಗ್ರೀಸ್ ಸವರಿ, ವೈಸಿನಲ್ಲಿ ಎದುರುಬದುರು ಎರಡು ಕಪ್‌ಗಳನ್ನು ಒಟ್ಟಿಗೆ ಒತ್ತುತ್ತ ಬಂದೆ. ಕ್ರಾಸಿನ ತೋಳು ಎರಡೂ ಕಪ್ಪಿನೊಳಗೆ ಇದ್ದರೆ ಸೂಜಿ ಜಾರುವುದಿಲ್ಲ. ಮೂರು ಕಪ್ ಸರಿಯಾಗಿ ಕೂತವು. ನಾಲ್ಕನೆಯದರ ಲಾಕ್, ಅಂದರೆ ಕಪ್ ಹೊರಜಾರದಂತೆ ತಡೆಯುವ ಬಳೆ ಮಾತ್ರ ತನ್ನ ಕಚ್ಚಿನಲ್ಲಿ ಕೂರಲೊಲ್ಲದು, ಕೂದಲೆಳೆಯಷ್ಟು ಬಾಕಿ. ಹುಡುಗ ಸುತ್ತಿಗೆ ಎತ್ತಿದ. ಚಾಚಾ ಅವನ ಕೈ ಹಿಡಿದರು. ಬಿಚ್ಚಿದರೆ ಒಂದು ಸೂಜಿ ಕಪ್ಪಿನ ತಳದಲ್ಲಿ ಅಡ್ಡ ಮಲಗಿತ್ತು. ನಿಲ್ಲಿಸಿ ಮತ್ತೆ ಒತ್ತಿದಾಗ ಲಾಕ್ ಟಕ್ಕೆಂದು ಕೂತಿತು. ಆಮೇಲೆ ಜಾಯಿಂಟನ್ನು ಕೈಯಿಂದ ಎರಡೂ ಕಡೆಗೆ ಬಾಗಿಸಿದೆ. ಒಂದು ಕಡೆ ಬಿಗಿ ಎನಿಸಿತು. ಯೋಕಿನ ಕಿವಿಗೆ ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ ಮೇಲೆ ಸಡಿಲಾಯಿತು.

ಮುಂದಿನ ತುದಿಯ ಕ್ರಾಸ್ ಗಟ್ಟಿಯಾಗಿತ್ತು, ಗ್ರೀಸ್ ಹೊಡೆದು ಹಾಗೆಯೇ ಬಿಟ್ಟೆ. ಜೋಡಿಯಾಗಿಯೇ ಬದಲಿಸಬೇಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯ ಬೋಲ್ಟು ನಟ್ಟುಗಳನ್ನು ಮಾತ್ರ ಬಿಸಾಡಿ ಹೊಸವನ್ನು ಹಾಕಿದೆ, ಗುರುತಿನ ಗೆರೆಗಳನ್ನು ಕೂಡಿಸಿ ಬಿಗಿದೆ. ಈಗ ಹಳ್ಳ ದಾಟಿದ ದಿನ ಮನೆಗೆ ಬಂದೊಡನೆ ಗ್ರೀಸ್ ಗನ್ ಹಿಡಿದು ಜೀಪಿನಡಿ ನುಸುಳುತ್ತೇನೆ. ನಾಲ್ಕೂ ಸೀಲಿನಲ್ಲಿ ಗ್ರೀಸ್ ಕಂಡ ಮೇಲೆಯೇ ಊಟ.