ರಾಮೆನ್ ಅಂಗಡಿಯಲ್ಲಿ ಮೊದಲು ಟೋಕನ್, ಆಮೇಲೆ ಸ್ಟೂಲು

ಟೋಕಿಯೊದ ನಿಶಿ ಕಸಾಯ್ ಕಡೆ ಮನೆ ಮಾಡಿದ ಮೇಲೆ ಊರಿಂದ ನೆಂಟರು ಬರುವುದು ತಪ್ಪುವುದಿಲ್ಲ. ಬಂದವರಿಗೆಲ್ಲ ಫ್ಯೂಜಿ ಬೆಟ್ಟ, ಬುಲೆಟ್ ಟ್ರೇನು, ಆಮೇಲೆ ರಾಮೆನ್, ಅಂದರೆ ಬಿಸಿ ಸಾರಿನಲ್ಲಿ ಮುಳುಗಿದ ನೂಡಲ್ಸ್. ಮೊದಲ ಎರಡರಲ್ಲಿ ಯಾರೂ ಎಡವಿದ್ದು ನಾನು ನೋಡಿಲ್ಲ. ಮೂರನೆಯದರಲ್ಲಿ ಎಡವದವರನ್ನು ನೋಡಿಲ್ಲ.

ಮೈಸೂರಿನಿಂದ ಬಂದ ನನ್ನ ಸೋದರಮಾವ ಅಂಗಡಿಗೆ ಕಾಲಿಟ್ಟವರೇ ಖಾಲಿ ಸ್ಟೂಲು ಹಿಡಿದು ಕೂತು, ಅಡುಗೆಯವನಿಗೆ ಎರಡು ಬೆರಳೆತ್ತಿ ತೋರಿಸಿದರು. ಅವನು ಬಾಗಿಲ ಕಡೆ ಕೈ ತೋರಿಸಿದ.

"ಏನೋ ಇದು, ಹೊರಗೆ ಹೋಗು ಅಂತಿದಾನಾ?" ಮಾವನಿಗೆ ಸಿಟ್ಟು.

"ಅಲ್ಲ ಮಾವ, ಟೋಕನ್ ತಗೊಂಡು ಬನ್ನಿ ಅಂತಿದಾನೆ. ಎದ್ದೇಳಿ."

ರಾಮೆನ್ ಅಂಗಡಿಯನ್ನು ದೊಡ್ಡ ಹೋಟೆಲ್ ಅಂದುಕೊಂಡರೆ ಕೆಟ್ಟಿರಿ. ನಮ್ಮ ದರ್ಶಿನಿ ಅಂದುಕೊಳ್ಳಿ. ಎಂಟು ಹತ್ತು ಸ್ಟೂಲು, ಎದುರಿಗೇ ಒಲೆ, ಹಿಂದೆ ನಿಂತ ಸಾಲು. ದುಡ್ಡು ಮೊದಲು, ತಿಂಡಿ ಆಮೇಲೆ, ಹರಟೆ ಹೊರಗೆ.

1. ಸಸ್ಯಾಹಾರಿಗಳಾದರೆ ಬಾಗಿಲಲ್ಲೇ ನಿಲ್ಲಿ

ಹೆಸರು ನೋಡಿ ಮೋಸ ಹೋಗಬೇಡಿ. ತೊಂಕೊತ್ಸು ಅಂದರೆ ಹಂದಿ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿದ ಬಿಳಿ ಸಾರು. ಶೋಯು ಅಂದರೆ ಸೋಯಾ ಸಾಸಿನದು, ಶಿಯೊ ಅಂದರೆ ಉಪ್ಪಿನದು, ಮಿಸೊ ಅಂದರೆ ಹುಳಿ ಬರಿಸಿದ ಸೋಯಾ ಕಾಳಿನದು. ಕೇಳಿದರೆ ಪಾಪದವು ಅನ್ನಿಸುತ್ತವೆ. ಆದರೆ ಅವು ಒಗ್ಗರಣೆ ಇದ್ದ ಹಾಗೆ. ಅಡಿಯಲ್ಲಿರುವ ಸಾರು ಬಹುತೇಕ ಕೋಳಿ, ಹಂದಿ ಇಲ್ಲವೇ ಒಣಮೀನಿನದೇ. ಮೇಲೆ ರಾಶಿ ಎಲೆಕೋಸು ಹಾಕಿದ 'ಯಾಸಾಯ್ ರಾಮೆನ್', ಅಂದರೆ ತರಕಾರಿ ರಾಮೆನ್, ಚಿತ್ರ ನೋಡಿ ಎಷ್ಟೋ ಜನ ಗುಂಡಿ ಒತ್ತಿದ್ದಾರೆ. 'ನಿಕು ನಾಶಿ', ಅಂದರೆ ಮಾಂಸ ಬೇಡ, ಅಂತ ಹೇಳಿದರೆ ಮೇಲಿನ ತುಂಡು ತೆಗೆದು ಅದೇ ಸಾರು ಕೊಡುತ್ತಾರೆ. ಅವರ ಪ್ರಕಾರ ಅದು ಸರಿಯೇ, ನೀವು ಕೇಳಿದ್ದೂ ಅಷ್ಟೇ ಅಲ್ವಾ?

ಟೋಕಿಯೊ ಸ್ಟೇಷನ್ ಒಳಗೆ, ಟಿಕೆಟ್ ಗೇಟು ದಾಟಿದ ಮೇಲೆ, ಟೀಸ್ ತಾನ್‌ತಾನ್ ಅನ್ನುವ ಪೂರ್ತಿ ಸಸ್ಯಾಹಾರಿ ರಾಮೆನ್ ಅಂಗಡಿ ಇದೆ. ಎಳ್ಳಿನ ಸಾರು, ಖಾರವೂ ಉಂಟು. ನಮ್ಮ ಅತ್ತೆಯನ್ನು ಕರೆದುಕೊಂಡು ಹೋಗಿದ್ದು ಅಲ್ಲಿಗೇ. ಸಿಕ್ಕ ಸಿಕ್ಕ ಅಂಗಡಿಗೆ ನುಗ್ಗಿ ವಾದ ಮಾಡುವುದಕ್ಕಿಂತ ಇದು ಮೇಲು.

2. ಮಶೀನು

ನೂರಕ್ಕೆ ತೊಂಬತ್ತು ಜನ ಬೆವರುವುದು ಇಲ್ಲೇ. ಬಾಗಿಲ ಪಕ್ಕ, ಒಮ್ಮೊಮ್ಮೆ ಬಾಗಿಲ ಹೊರಗೇ, ಬೀರುವಿನಷ್ಟು ಎತ್ತರದ, ಟೋಕನ್ ಕೊಡುವ ಒಂದು ಪೆಟ್ಟಿಗೆ ನಿಂತಿರುತ್ತದೆ. ಮೈತುಂಬಾ ಗುಂಡಿಗಳು, ಗುಂಡಿಗಳ ಮೇಲೆಲ್ಲ ಜಪಾನಿ ಅಕ್ಷರ. ಹಿಂದೆ ನಾಲ್ಕು ಜನ ಸುಮ್ನೆ ನಿಂತಿರುತ್ತಾರೆ. ಆ ಸುಮ್ಮನಿರುವಿಕೆಯೇ ಭಯ ಹುಟ್ಟಿಸುತ್ತದೆ.

ಗುಂಡಿ ಒತ್ತುವ ಮೊದಲು ದುಡ್ಡು ಹಾಕಿ. ಹಳೇ ಮಶೀನುಗಳಲ್ಲಿ ದುಡ್ಡು ಹಾಕುವ ತನಕ ಗುಂಡಿಗೆ ಜೀವವೇ ಬರುವುದಿಲ್ಲ. ನಮ್ಮವರು ಖಾಲಿ ಗುಂಡಿಯನ್ನು ಹತ್ತು ಸಲ ಕುಟ್ಟಿ 'ಕೆಟ್ಟೋಗಿದೆ' ಅನ್ನುತ್ತಾರೆ. ಕೆಟ್ಟಿಲ್ಲ. ನೋಟು ಹಾಕಿದ ಕೂಡಲೇ ಆ ದುಡ್ಡಿಗೆ ಏನೇನು ಸಿಗುತ್ತದೋ ಅಷ್ಟೂ ಗುಂಡಿಗಳ ದೀಪ ಹತ್ತುತ್ತದೆ.

1000 ಯೆನ್ ನೋಟುಗಳನ್ನೇ ಇಟ್ಟುಕೊಳ್ಳಿ. 10,000ದ ನೋಟನ್ನು ಎಷ್ಟೋ ಮಶೀನುಗಳು ಮುಟ್ಟುವುದಿಲ್ಲ. ಇನ್ನೊಂದು ತಾಪತ್ರಯ: 2024ರ ಜುಲೈ 3ರಂದು ಜಪಾನಿನಲ್ಲಿ ಹೊಸ ನೋಟು ಬಂತು. ಮಶೀನು ಬದಲಿಸುವುದು ಸಣ್ಣ ಅಂಗಡಿಗೆ ದುಬಾರಿ. ಹಾಗಾಗಿ ಹಳೇ ಪೆಟ್ಟಿಗೆ ಹೊಸ ನೋಟನ್ನು ನಾಲಿಗೆ ಚಾಚಿದ ಹಾಗೆ ವಾಪಸ್ ಉಗುಳುತ್ತದೆ. ಹಳೇ ಸಾವಿರದ ನೋಟಿನಲ್ಲಿ ನೊಗುಚಿ, ಹೊಸದರಲ್ಲಿ ಕಿತಾಸಾತೊ. ಇಬ್ಬರೂ ರೋಗಾಣುಗಳ ಹಿಂದೆ ಬಿದ್ದ ಡಾಕ್ಟರುಗಳು. ಜೇಬಲ್ಲಿ ಇಬ್ಬರೂ ಇರಲಿ, ಜೊತೆಗೆ ಒಂದಿಷ್ಟು ನೂರರ ನಾಣ್ಯ.

ಈಗ ಯಾವ ಗುಂಡಿ? ಮೇಲಿನ ಸಾಲಿನ ಎಡತುದಿಯದು. ಕಣ್ಣು ಮುಚ್ಚಿಕೊಂಡು ಅದನ್ನೇ ಒತ್ತಿ. ಅಂಗಡಿಯವನು ತನ್ನ ಹೆಮ್ಮೆಯ ರಾಮೆನ್ ಇಡುವುದು ಸಾಮಾನ್ಯವಾಗಿ ಅಲ್ಲೇ. ಕೆಳಗಿನ ಸಣ್ಣ ಗುಂಡಿಗಳು ಮೇಲೋಗರದವು: ಮೊಟ್ಟೆ, ಬಿದಿರಿನ ಕಳಲೆ, ಅನ್ನ, ಬಿಯರು. ಮೊದಲ ಸಲ ಇವುಗಳ ತಂಟೆ ಬೇಡ. ಒಂದು ಮೊಟ್ಟೆ ಮಾತ್ರ ಹಾಕಿಸಿಕೊಳ್ಳಿ, 'ಅಜಿತಾಮಾ' ಅಂತ, ಸೋಯಾ ಸಾಸಿನಲ್ಲಿ ನೆನೆಸಿದ್ದು, ಹಳದಿ ಇನ್ನೂ ಜಾಮಿನ ಹಾಗೆ ಇರುತ್ತದೆ. ಫೋನಿನ ಕ್ಯಾಮೆರಾದಲ್ಲಿ ಅನುವಾದ ಮಾಡುವ ಆ್ಯಪ್ ನಂಬಿಕೊಂಡು ನಿಲ್ಲಬೇಡಿ. ಕೈಬರಹದ ಚೀಟಿ ಅಂಟಿಸಿದ ಗುಂಡಿಯನ್ನು ಅದು ಒಮ್ಮೆ 'ಕೋಪಗೊಂಡ ಈರುಳ್ಳಿ' ಅಂತ ಓದಿತ್ತು.

ಒಬ್ಬರಿಗೆ ಒಂದು ಬಟ್ಟಲು. ನಾಲ್ಕು ಜನ ಹೋಗಿ ಎರಡು ತಗೊಂಡು, ಬೈ ಟು ಮಾಡಿ ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಟೋಕನ್ ಉದುರಿತಾ? ಹೊರಟುಬಿಡಬೇಡಿ. ಚಿಲ್ಲರೆ ಇನ್ನೂ ಹೊಟ್ಟೆಯೊಳಗೇ ಇದೆ. ಪಕ್ಕದ ಸನ್ನೆ ತಿರುಗಿಸಬೇಕು, ಇಲ್ಲವೇ 'ಒತ್ಸುರಿ' ಗುಂಡಿ ಒತ್ತಬೇಕು. ಆಗ ನಾಣ್ಯ ಗಲಗಲ ಬೀಳುತ್ತದೆ. ಟಚ್ ಸ್ಕ್ರೀನ್ ಮಶೀನಾದರೆ ಸಾಮಾನ್ಯವಾಗಿ ಇಂಗ್ಲಿಷ್ ಗುಂಡಿ ಇರುತ್ತದೆ, ಇಷ್ಟು ಪುರಾಣ ಬೇಕಿಲ್ಲ.

3. ಕೂರುವುದು

ತೋರಿಸಿದ ಕಡೆ ಕೂತು, ಟೋಕನ್ ಎದುರಿನ ಕಟ್ಟೆಯ ಮೇಲಿಡಿ. ನೀರು ನೀವೇ ಬಗ್ಗಿಸಿಕೊಳ್ಳಿ. ನೂಡಲ್ಸ್ ಎಷ್ಟು ಗಟ್ಟಿ ಇರಬೇಕು ಅಂತ ಏನಾದರೂ ಕೇಳಿದರೆ 'ಫುತ್ಸು' ಅನ್ನಿ, ಮಾಮೂಲಿ ಅಂತ. ಆ ಒಂದು ಪದದಲ್ಲಿ ನಾನು ಮೂರು ವರ್ಷ ತಳ್ಳಿದ್ದೇನೆ.

4. ಬಟ್ಟಲು ಬಂದ ಮೇಲಿನ ಐದು ನಿಮಿಷ

ಬೇಕಿದ್ದರೆ ಒಂದು ಫೋಟೋ. ಎರಡನೆಯದಕ್ಕೆ ಸಮಯವಿಲ್ಲ. ರಾಮೆನ್ ಹಿಟ್ಟಿಗೆ ಕಾನ್‌ಸುಯಿ ಅನ್ನುವ ಕ್ಷಾರದ ನೀರು ಹಾಕುತ್ತಾರೆ, ನಾವು ಹಪ್ಪಳದ ಹಿಟ್ಟಿಗೆ ಹಾಕುವ ಕಾರದ ಬಳಗದ್ದೇ. ಆ ಹಳದಿ ಬಣ್ಣ, ಆ ಪುಟಿಯುವ ಗುಣ ಬರುವುದು ಅದರಿಂದ. ಹಾಗಿದ್ದರೂ ಬಿಸಿ ಸಾರಿನಲ್ಲಿ ಬಿಟ್ಟರೆ ನೂಡಲ್ಸ್ ನೀರು ಕುಡಿದು ಉಬ್ಬಿ, ಬೆಳಗಿನ ಶಾವಿಗೆ ಸಂಜೆ ತಿಂದ ಹಾಗಾಗುತ್ತದೆ. ನಮ್ಮವರು ಆರಲಿ ಅಂತ ಕಾಯುತ್ತಾರೆ. ಕಾಯಬಾರದು.

ಮೊದಲು ಒಂದು ಚಮಚ ಸಾರು, ಏನೂ ಬೆರೆಸದೆ. ಆಮೇಲೆ ಐದಾರು ಎಳೆ ಮಾತ್ರ ಕಡ್ಡಿಯಲ್ಲಿ ಹಿಡಿದು ಒಂದು ಗೇಣು ಎತ್ತಿ. ಹಬೆ ಹಾರುತ್ತದೆ. ತಲೆಯನ್ನು ಬಟ್ಟಲಿನ ಮೇಲೆ ಬಗ್ಗಿಸಿ ಸೊರ್ ಅಂತ ಎಳೆದುಕೊಳ್ಳಿ. ನೂಡಲ್ಸಿನ ಜೊತೆ ಗಾಳಿಯೂ ಬಾಯಿಗೆ ಬರಬೇಕು. ಅದೇ ನಾಲಿಗೆ ಸುಡದಂತೆ ಕಾಯುತ್ತದೆ, ಪರಿಮಳವನ್ನು ಮೂಗಿಗೆ ಏರಿಸುತ್ತದೆ. ಊಟದ ಪಂಕ್ತಿಯಲ್ಲಿ ಎಲೆಯ ಮೇಲಿನ ಪಾಯಸವನ್ನು ಬಳಿದು ಸುರಿಯುವ ಸದ್ದು ನೆನಪಿದೆಯಾ? ಅದೇ. ಇಲ್ಲಿ ಯಾರೂ ಕಣ್ಣು ಬಿಡುವುದಿಲ್ಲ. ಕಡ್ಡಿ ಬರದಿದ್ದರೆ 'ಫೋಕು', ಅಂದರೆ ಫೋರ್ಕ್, ಕೇಳಿ, ನಾಚಿಕೆ ಬೇಡ. ಬಿಳಿ ಅಂಗಿ ಮಾತ್ರ ಬೇಡವೇ ಬೇಡ.

ಕಟ್ಟೆ ಮೇಲಿನ ಬೆಳ್ಳುಳ್ಳಿ, ಮೆಣಸಿನೆಣ್ಣೆ ಅರ್ಧ ತಿಂದ ಮೇಲೆ. ಚೀಲದಿಂದ ಚಟ್ನಿಪುಡಿ ತೆಗೆಯುವವರನ್ನು ನಾನು ನಮ್ಮವರಲ್ಲ ಅಂದುಬಿಡುತ್ತೇನೆ.

ದಕ್ಷಿಣ ಜಪಾನಿನ ಹಕಾತಾ ಕಡೆಯ ಶೈಲಿಯ ಅಂಗಡಿಯಾದರೆ ಎಳೆ ತೆಳ್ಳಗೆ, ಪ್ರಮಾಣವೂ ಕಡಿಮೆ. ಸಾಲದಿದ್ದರೆ 'ಕಾಎದಾಮಾ' ಅಂತ ಹೇಳಿದರೆ ಬರೀ ನೂಡಲ್ಸ್ ಇನ್ನೊಂದು ಸುತ್ತು ಹಾಕುತ್ತಾರೆ, ಅದಕ್ಕೆ ಬೇರೆ ದುಡ್ಡು. ಮಾವ ಸಾರನ್ನೆಲ್ಲ ಕುಡಿದು ಬಟ್ಟಲು ತೊಳೆದ ಹಾಗೆ ಮಾಡಿ ಆಮೇಲೆ ಕಾಎದಾಮಾ ಕೇಳಿದರು. ಬೇಯಿಸಿದ ಒಣ ನೂಡಲ್ಸ್ ಬಂತು. ಅದನ್ನು ನೋಡುತ್ತಾ ಕೂತರು. ಅರ್ಧ ಸಾರು ಉಳಿಸಿಕೊಂಡಿರಬೇಕು, ಅಷ್ಟೇ. ಹಾಗೆ ನೋಡಿದರೆ ಸಾರು ಪೂರ್ತಿ ಕುಡಿಯಲೇಬೇಕು ಅಂತೇನಿಲ್ಲ. ಪೂರ್ತಿ ಮುಗಿಸಿದರೆ ಉಪ್ಪು 5 ಗ್ರಾಮ್ ದಾಟುವುದು ಮಾಮೂಲು. ಬಿ.ಪಿ. ಇರುವವರು ಬಿಟ್ಟೇಳಿ.

5. ಏಳುವುದು

ಬಟ್ಟಲನ್ನು ಎದುರಿನ ಕಟ್ಟೆಗೆ ಎತ್ತಿಡಿ, ಬಟ್ಟೆ ಇದ್ದರೆ ಮುಂದಿನ ಜಾಗ ಒರೆಸಿ, 'ಗೊಚಿಸೋಸಾಮಾ', ಅಂದರೆ ಊಟಕ್ಕೆ ಧನ್ಯವಾದ, ಅಂತ ಗಟ್ಟಿಯಾಗಿ ಹೇಳಿ ಹೊರಡಿ. ಟಿಪ್ಸ್ ಬೇಡ. ಮಾವ ನಾನು ಹೇಳಿದ್ದು ಕೇಳದೆ ಬಟ್ಟಲಿನ ಪಕ್ಕ 100 ಯೆನ್ ಇಟ್ಟು ಬಂದಿದ್ದರು. ಸಿಗ್ನಲ್ ಹತ್ತಿರ ನಿಂತಿದ್ದಾಗ ಏಪ್ರನ್ ಹುಡುಗ ಏದುಸಿರು ಬಿಡುತ್ತಾ ಓಡಿಬಂದ, ನಾಣ್ಯವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ಬಗ್ಗಿ ನಮಸ್ಕಾರ ಮಾಡಿ ವಾಪಸ್ ಓಡಿದ.