ಇಂಗ್ಲಿಷಿನ ಸೆಟ್ ಪದದ ಅರ್ಥ ಹಿಡಿಯೋದು ಹೇಗೆ

ಶಿರಸಿಲಿ ಸಂಜೆ ಅಕ್ಕಪಕ್ಕದ ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಡ್ತೇನೆ, ಅವ್ರು ಒದ್ದಾಡೋದು ದೊಡ್ಡ ಪದಕ್ಕಲ್ಲ, ಮೂರೇ ಅಕ್ಷರದ ಸೆಟ್‌ಗೆ. 1989ರ ಆಕ್ಸ್‌ಫರ್ಡ್ ದೊಡ್ಡ ಡಿಕ್ಷನರಿಲಿ ಈ ಕ್ರಿಯಾಪದಕ್ಕೇ 400ಕ್ಕೂ ಹೆಚ್ಚು ಅರ್ಥ ಇದೆ, ಹಾಗಾಗಿ ಬಾಯಿಪಾಠ ಮಾಡೋಕೆ ಹೋಗ್ಲೇಬೇಡಿ.

ಮೊದ್ಲು ಯಾವ್ದು ಸೆಟ್ ಆಗ್ತಿದೆ ನೋಡಿ. ಕಾರವಾರ ಬೀಚಲ್ಲಿ ಸೂರ್ಯ ಸೆಟ್ ಆದ್ರೆ ಮುಳುಗಿದ ಅಂತ, ತಟ್ಟೆಗೆ ಹೊಯ್ದ ಹಾಲುಬಾಯಿ ಸೆಟ್ ಆದ್ರೆ ಗಟ್ಟಿಯಾಯ್ತು ಅಂತ, ಸಿಮೆಂಟೂ ಹಾಗೇ. ಆಮೇಲೆ ಏನನ್ನ ಅಂತ ಕೇಳಿ, ಅಲಾರಂ ಆದ್ರೆ ಇಡೋದು, ಮುರಿದ ಮೂಳೆ ಆದ್ರೆ ಜಾಗಕ್ಕೆ ಕೂರಿಸೋದು, ಪ್ರಶ್ನೆಪತ್ರಿಕೆ ಆದ್ರೆ ತಯಾರು ಮಾಡೋದು.

ನಿಜವಾದ ಕೀಲಿ ಅಂದ್ರೆ ಬೆನ್ನಿಗಂಟಿರೋ ಪುಟ್ಟ ಪದ. ಸೆಟ್ ಆಫ್ ಅಂದ್ರೆ ಹೊರಡೋದು, ಪಟಾಕಿ ವಿಷ್ಯ ಬಂದ್ರೆ ಹೊಡೆಯೋದೂ ಅದೇ, ಸೆಟ್ ಅಸೈಡ್ ಅಂದ್ರೆ ಬದಿಗೆ ಎತ್ತಿಡೋದು ಆದ್ರೆ ಕೋರ್ಟಲ್ಲಿ ಆರ್ಡರನ್ನ ಸೆಟ್ ಅಸೈಡ್ ಮಾಡಿದ್ರೆ ರದ್ದಾಯ್ತು ಅಂತ, ಇನ್ನು ಸೆಟ್ ಇನ್ ಅಂದ್ರೆ ನಮ್ಮ ಘಟ್ಟದ ಮಳೆ ತರ ಬಂದು ಕೂತ್ಬಿಡೋದು (ನಂಗೆ ಇದೇ ಎಲ್ಲಕ್ಕಿಂತ ಇಷ್ಟ). ನಾಮಪದ ಆದಾಗ ಸುಲಭ: ಪಾತ್ರೆ ಸೆಟ್, ಟೆನಿಸ್ ಸೆಟ್, ಗಣಿತದಲ್ಲಿ ಗಣ.

ಹಾಂ, ಭೂತಕಾಲದಲ್ಲೂ ಸೆಟ್ಟೇ, ಸೆಟ್ಟೆಡ್ ಅಂತ ಬರೀಬೇಡಿ.