ಮೂರೂವರೆ ಮೀಟರ್ ಮಳೆ, ಮಾರ್ಚಿಗೆ ಬಾವಿ ಖಾಲಿ: ನಾವು ಕಟ್ಟ ಕಟ್ಟಿದ್ದು ಹೀಗೆ

ನಮ್ಮದು ವಿಟ್ಲದ ಹತ್ತಿರ ಎರಡು ಎಕರೆ ಅಡಿಕೆ ತೋಟ. ದಕ್ಷಿಣ ಕನ್ನಡದವರು ನೀರಿಲ್ಲ ಅಂದರೆ ಬಯಲುಸೀಮೆಯ ಗೆಳೆಯರು ನಗುತ್ತಾರೆ. ನಗುವುದು ಸರಿಯೇ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ.

ಒಂದು ದಿನ ಕೂತು ಲೆಕ್ಕ ಹಾಕಿದೆ. ಒಂದು ಎಕರೆ ಮೇಲೆ ಅಷ್ಟು ಮಳೆ ಬಿದ್ದರೆ 1.4 ಕೋಟಿ ಲೀಟರ್ ನೀರಾಯಿತು. ಎಕರೆಗೆ 550 ಮರ, ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 18 ಲೀಟರ್ ಅಂತ ಹಿಡಿದರೆ, ಡಿಸೆಂಬರಿನಿಂದ ಮೇ ಕೊನೆಯವರೆಗೆ 18 ಲಕ್ಷ ಲೀಟರ್ ಸಾಕು. ಬಿದ್ದದ್ದರಲ್ಲಿ ಏಳನೇ ಒಂದು ಪಾಲು ಕೂಡ ಬೇಡ. ಆದರೂ ನಮ್ಮ ಬಾವಿ ಮಾರ್ಚ್ ಮಧ್ಯಕ್ಕೆ ತಳ ಕಾಣುತ್ತಿತ್ತು.

ಶಾಲೆಯಲ್ಲಿ ಜಲಚಕ್ರದ ಚಿತ್ರ ಬಿಡಿಸಿದ್ದೆವಲ್ಲ, ಕಡಲು, ಮೋಡ, ಮಳೆ, ನದಿ ಅಂತ ಬಾಣ ಹಾಕಿ. ಆ ಬಾಣಗಳ ವೇಗ ಎಷ್ಟು ಅಂತ ಅದರಲ್ಲಿ ಇರಲಿಲ್ಲ. ನಮ್ಮಲ್ಲಿ ಘಟ್ಟದ ಬುಡದಿಂದ ಕಡಲಿಗೆ ನೂರು ಕಿಲೋಮೀಟರ್ ಇಲ್ಲ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಗುಡ್ಡೆಯ ನೀರು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ತೋಡಿನದ್ದು ಹೊಳೆಗೆ, ಅಲ್ಲಿಂದ ಸೀದಾ ಅರಬ್ಬೀ ಸಮುದ್ರಕ್ಕೆ. ಇಂಗಿದ ನೀರೂ ಜಾಸ್ತಿ ದಿನ ಕೂರುವುದಿಲ್ಲ. ಮೇಲೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ತೂತು ತೂತು. ಅದರಡಿ ಜೇಡಿಯಂಥ ಶೇಡಿ ಮಣ್ಣು, ನೀರು ಇಳಿಯಲು ಬಿಡುವುದಿಲ್ಲ. ಮುರಕಲ್ಲಲ್ಲಿ ಇಳಿದ ನೀರು ಶೇಡಿಯ ಮೇಲೆ ಬದಿಗೆ ಸರಿದು ತೋಡಿನ ದಡದಲ್ಲಿ ಒಸರುತ್ತದೆ. ಹಿರಿಯರು ಗುಡ್ಡೆಗೆ ಅಡ್ಡಲಾಗಿ ಸುರಂಗ ಕೊರೆದು ಹಿಡಿಯುತ್ತಿದ್ದದ್ದೂ ಇದೇ ಒಸರನ್ನು.

2019ರ ಬೇಸಿಗೆ ನೆನಪಿರಬಹುದು. ನೇತ್ರಾವತಿ ಸೊರಗಿ, ಧರ್ಮಸ್ಥಳಕ್ಕೆ ಬರುವುದನ್ನು ಸ್ವಲ್ಪ ದಿನ ಮುಂದೂಡಿ ಅಂತ ಕ್ಷೇತ್ರದಿಂದಲೇ ಭಕ್ತರಿಗೆ ಕೋರಿಕೆ ಬಂದ ವರ್ಷ. ಆ ವರ್ಷ ನಾನು ಎಲ್ಲರಂತೆ ಬೋರ್ ಹೊಡೆಸಿದೆ. 480 ಅಡಿ. ಮೇಲೆ ಬಂದದ್ದು ಬಿಳಿ ಧೂಳು. ಅಡಕೆ ಮಾರಿದ ದುಡ್ಡು ಧೂಳಾಗಿ ಹಾರುವುದನ್ನು ಕಣ್ಣಾರೆ ನೋಡಿದೆ ಅಂತ ಈಗ ತಮಾಷೆ ಮಾಡುತ್ತೇನೆ, ಆವತ್ತು ನಗು ಬಂದಿರಲಿಲ್ಲ.

ಆಮೇಲೆ ನೆನಪಾದದ್ದು ಕಟ್ಟ. ಅಜ್ಜನ ಕಾಲದಲ್ಲಿ ಮಳೆ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟುತ್ತಿದ್ದರು. ಪಂಪ್ ಬಂದ ಮೇಲೆ ಅದು ಯಾರಿಗೂ ಬೇಡವಾಯಿತು. ನಾನು ಮತ್ತು ಪಕ್ಕದ ಮನೆಯವರು ಸೇರಿ ಮತ್ತೆ ಶುರು ಮಾಡಿದೆವು. ತೋಡು ಅಲ್ಲಿ 14 ಅಡಿ ಅಗಲ. ರಸಗೊಬ್ಬರದ ಹಳೆ ಚೀಲಗಳಿಗೆ ಮಣ್ಣು ತುಂಬಿ ನಾಲ್ಕಡಿ ಎತ್ತರಕ್ಕೆ ಪೇರಿಸಿದೆವು. ನೀರಿನ ಕಡೆಗೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿದೆವು. ಸಂಜೆಗೆ ನೀರು ಎರಡಡಿ ಏರಿತು. ಫೋಟೋ ತೆಗೆದು ಗ್ರೂಪಿಗೂ ಹಾಕಿದೆ.

ಬೆಳಿಗ್ಗೆ ನೋಡಿದರೆ ನೀರೇ ಇಲ್ಲ. ಕಟ್ಟ ಮಾತ್ರ ಹಾಗೇ ನಿಂತಿದೆ!

ಹಿಂದೆ ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ ಅಜ್ಜ ಒಬ್ಬರನ್ನು ಕರೆದು ತೋರಿಸಿದೆ. ಅವರು ಕಟ್ಟವನ್ನು ನೋಡಲೇ ಇಲ್ಲ. ಕೆಳಗಿಳಿದು ಬುಡಕ್ಕೆ ಕೈ ಹಾಕಿ ಒಂದು ಮುಷ್ಟಿ ಹೊಯ್ಗೆ, ಅಂದರೆ ಮರಳು, ತೆಗೆದರು. "ಇದರ ಮೇಲೆ ಶೀಟ್ ಹಾಸಿದರೆ ನೀರು ಅಡಿಯಿಂದ ಹೋಗದೆ ಮತ್ತೇನು ಮಾಡ್ತದೆ ಅಣ್ಣ? ಗಟ್ಟಿ ಸಿಗುವವರೆಗೆ ತೆಗೀಬೇಕು." ಹೊಯ್ಗೆ ಕೆರೆದು, ಒಂದೂವರೆ ಅಡಿ ಚರಂಡಿ ತೋಡಿ, ಶೀಟಿನ ಅಂಚನ್ನು ಅದರೊಳಗೆ ಇಳಿಸಿ, ಜೇಡಿಮಣ್ಣು ಹಾಕಿ ಕಾಲಲ್ಲಿ ತುಳಿದೆವು. ಎರಡು ದಡಗಳಲ್ಲೂ ಹಾಗೆಯೇ ಕೊರೆದು ಶೀಟ್ ಒಳಗೆ ತುರುಕಿದೆವು. ಈ ಕೆಲಸಕ್ಕೇ ಒಂದೂವರೆ ದಿನ ಹೋಯಿತು, ಚೀಲ ಪೇರಿಸಲು ಅರ್ಧ ದಿನವೂ ಬೇಕಾಗಲಿಲ್ಲ. ದಡದಲ್ಲಿ ಏಡಿ ಬಿಲಗಳಿದ್ದವು. ಅವನ್ನೂ ಹುಡುಕಿ ಮಣ್ಣು ಜಡಿದೆವು. ಏಡಿ ಮತ್ತೆ ಕೊರೆಯುತ್ತದೆ, ವಾರಕ್ಕೊಮ್ಮೆ ಹೋಗಿ ನೋಡಲೇಬೇಕು.

ಎರಡನೇ ವರ್ಷ ಅವಸರ ಮಾಡಿ ನವೆಂಬರಿನಲ್ಲೇ ಕಟ್ಟಿದೆ. ಕೊನೆಯ ವಾರ ಒಂದು ಅಕಾಲ ಮಳೆ ಬಂದು ಅಷ್ಟನ್ನೂ ಕೊಚ್ಚಿಕೊಂಡು ಹೋಯಿತು. ಈಗ ಡಿಸೆಂಬರ್ ಎರಡನೇ ವಾರದ ಮೊದಲು ಮುಟ್ಟುವುದಿಲ್ಲ. ತೀರಾ ತಡವಾದರೆ ತೋಡಿನಲ್ಲಿ ಹರಿವೇ ಇರುವುದಿಲ್ಲ, ಆಮೇಲೆ ಕಟ್ಟಿಯೂ ಪ್ರಯೋಜನವಿಲ್ಲ.

ಕೆಳಗಿನ ತೋಟದವರು ಜಗಳಕ್ಕೆ ಬಂದಿದ್ದರು. ನೀರು ತಡೆದರೆ ತಮಗೇನು ಅಂತ. ನ್ಯಾಯವೇ. ಕಟ್ಟ ತುಂಬಲು ಮೂರು ದಿನ ಬೇಕು, ಆಮೇಲೆ ಮೇಲಿಂದ ಹರಿದು ಬರುತ್ತದೆ ಅಂದೆ. ನಂಬಲಿಲ್ಲ. ನಾಲ್ಕನೇ ದಿನ ತಾವೇ ಬಂದು ನೋಡಿ, ಏನೂ ಹೇಳದೆ ಹೋದರು. ಮುಂದಿನ ವರ್ಷ ತಮ್ಮ ಜಾಗದಲ್ಲೂ ಒಂದು ಕಟ್ಟಿದರು.

ಕಟ್ಟದಲ್ಲಿ ನಿಂತ ನೀರನ್ನು ನಾವು ಪಂಪ್ ಮಾಡುವುದಿಲ್ಲ. ಅದು ಅಷ್ಟೇನೂ ಇಲ್ಲ ಕೂಡ, ಮೇಲಿಂದ ಬಿಸಿಲಿಗೂ ಆರುತ್ತದೆ. ಅದರ ಕೆಲಸ ಬೇರೆ. ತೋಡಿನಲ್ಲಿ ಮಟ್ಟ ಏರಿದರೆ ದಡದಿಂದ ಬರುವ ಒಸರಿಗೆ ಓಡುವ ಅವಸರ ಇರುವುದಿಲ್ಲ. ತೋಡಿನಿಂದ 40 ಅಡಿ ದೂರದ ನಮ್ಮ ಬಾವಿಗೆ ಹಗ್ಗ ಬಿಟ್ಟು, ಅಡಿಗೊಂದು ಗಂಟು ಹಾಕಿ ಅಳೆಯುತ್ತೇನೆ. ಕಟ್ಟಿದ ಹತ್ತು ದಿನದಲ್ಲಿ ಮೂರು ಗಂಟು ಮುಳುಗಿದ್ದವು. ಈಗ ಏಪ್ರಿಲ್ ಕೊನೆಯವರೆಗೆ ಬಾವಿ ನೀರು ಸಾಕಾಗುತ್ತದೆ. ಮೇ ತಿಂಗಳು ಇನ್ನೂ ಕಷ್ಟವೇ. ಆಗ ದಿನ ಬಿಟ್ಟು ದಿನ ನೀರು, ಸ್ಪ್ರಿಂಕ್ಲರ್ ಪೂರ್ತಿ ಬಂದ್. ಮೂರನೇ ಎಕರೆಗೆ ಗಿಡ ಇಡುವ ಆಸೆ ಇತ್ತು, ಹಗ್ಗದ ಗಂಟು ನೋಡಿ ಬಿಟ್ಟೆ.

ಮೇ ಕೊನೆಗೆ ಕಟ್ಟ ಬಿಡಿಸಿ ಶೀಟನ್ನು ತೊಳೆದು ಒಣಗಿಸುತ್ತೇವೆ. ಮೊದಲ ವರ್ಷ ಮಡಚಿ ಅಟ್ಟದಲ್ಲಿಟ್ಟು ಇಲಿಗೆ ತಿನ್ನಿಸಿದ್ದಾಯಿತು. ಈಗ ಮಾಡಿನ ಪಕ್ಕಾಸಿಗೆ (ಅಡ್ಡಮರಕ್ಕೆ) ತಂತಿ ಕಟ್ಟಿ ನೇತುಹಾಕುತ್ತೇನೆ.